ರಬ್ಬಿ ಕೊಟ್ಟ ಉತ್ತರ, ನಾನು ಹೇಳಿದ ಉತ್ತರ

ಅವರು ಇಲ್ಲ ಅಂದರು. ನಾನು ಹೌದು ಅಂದೆ.

ಅವರು ಇಂಗ್ಲಿಷಿನಲ್ಲಿ, ಮೆಲ್ಲಗೆ, ಪಕ್ಕದಲ್ಲಿ ನಿಂತಿದ್ದ ನನ್ನೊಬ್ಬನ ಕಿವಿಗೆ ಬೀಳುವಷ್ಟೇ ಧ್ವನಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ, ಕೊನೇ ಸಾಲಿಗೂ ಮುಟ್ಟುವ ಹಾಗೆ, ಗಂಟಲು ಹರಿದುಕೊಂಡು ಅದರ ಉಲ್ಟಾ ಹೇಳಿದೆ. ಬಾಯಿ ತಪ್ಪಿ ಅಲ್ಲ. ಇಂಗ್ಲಿಷ್ ಅರ್ಥವಾಗದೆಯೂ ಅಲ್ಲ — ಮದ್ದೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಗೊತ್ತಿದ್ದೂ ಗೊತ್ತಿದ್ದೂ ಹೇಳಿದೆ. ಆ ಒಂದು ಮಾತಿನಿಂದ ಎಂಬತ್ತರ ಹತ್ತಿರದ ವಿದ್ವಾಂಸರೊಬ್ಬರು ತಮ್ಮ ಜನರಿಂದಲೇ ಹೊರಗಾದರು. ಇದು ನನ್ನಿಂದ ಆದದ್ದು ಅಂತ ಏಳು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಸುಳ್ಳು ಹೇಳಿದ್ದು ಕನ್ನಡದಲ್ಲಿ. ಅದಕ್ಕೇ ನಿಜವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವತ್ತು ಮಳವಳ್ಳಿ ಹತ್ತಿರದ ಆ ಪ್ರಾರ್ಥನಾ ಮಂದಿರದಲ್ಲಿ ಕೂತಿದ್ದವರು, ಆಮೇಲೆ ಫೋನಿನಲ್ಲಿ ಆ ವಿಡಿಯೊ ನೋಡಿದವರು, ಇನ್ನೊಬ್ಬರಿಗೆ ಕಳಿಸಿದವರು — ನೀವೆಲ್ಲ ಓದಬೇಕು ಅಂತ ನನ್ನ ಆಸೆ. ಏನೂ ಗೊತ್ತಿಲ್ಲದವರು ಓದಿದರೂ ಸರಿ.

ಮೊದಲು ನಾನು ಎಂಥವನು ಅಂತ ಹೇಳಿಬಿಡುತ್ತೇನೆ. ಹೆಸರು ಪುಟ್ಟಸ್ವಾಮಿ. ಊರು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ. ಭತ್ತ, ಕಬ್ಬು, ಎರಡು ಸೀಮೆಹಸು ಇರುವ ಮನೆ. ಓದಿ ಮೇಷ್ಟ್ರಾದವನು ಮನೆಯಲ್ಲಿ ನಾನೊಬ್ಬನೇ. ನಮ್ಮ ಸೀಮೆಗೆ ಇಂಗ್ಲಿಷ್ ಮಾತಾಡುವ ದೊಡ್ಡವರು ಯಾರೇ ಬರಲಿ, ಅವರ ಮಾತನ್ನು ಕನ್ನಡದಲ್ಲಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಹನಕೆರೆಯಲ್ಲಿ ಶಾಲೆಯ ಕಟ್ಟಡ ತೆರೆದಾಗ ನಾನೇ. ದುದ್ದಕ್ಕೆ ಪರದೇಶದ ರೇಷ್ಮೆ ತಜ್ಞರೊಬ್ಬರು ಬಂದಾಗಲೂ ನಾನೇ.

ಆ ದುದ್ದದ ಕತೆ ಹೇಳಿದರೆ ನಿಮಗೆ ಎಲ್ಲ ಅರ್ಥವಾಗುತ್ತದೆ. ಆ ಮನುಷ್ಯ ಹೇಳಿದ್ದು ಮೂರೇ ಮೂರು ಮಾತು: ಹುಳು ಸಾಕುವ ಮನೆ ಚೊಕ್ಕಟವಾಗಿರಲಿ, ಕೈ ತೊಳೆದು ಒಳಗೆ ಹೋಗಿ, ಒದ್ದೆ ಸೊಪ್ಪು ಹಾಕಬೇಡಿ. ನಾನು ಅದನ್ನೇ ಇಪ್ಪತ್ತು ನಿಮಿಷ ಹೇಳಿದೆ. ಸೊಸೆಗೆ ತಂಗಳು ಬಡಿಸುವ ಅತ್ತೆಯನ್ನು ತಂದೆ, ಚಪ್ಪಲಿ ಹಾಕಿಕೊಂಡೇ ಹುಳುವಿನ ಮನೆಗೆ ನುಗ್ಗುವ ಭಾವಮೈದನನ್ನು ತಂದೆ, ಜನ ಬಿದ್ದು ಬಿದ್ದು ನಕ್ಕರು. ತಜ್ಞರು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ಒಬ್ಬ ಎದ್ದು, “ಸಾ, ಆವಪ್ಪ ಏಳಿದ್ಕಿಂತ ನೀವ್ ಏಳಿದ್ದೇ ಸೆಂದಾಗಿತ್ತು ಬುಡಿ” ಅಂದ. ನಾನು ಒಂದು ವಾರ ಆ ಮಾತಿನ ಮೇಲೇ ಊಟ ಮಾಡಿದೆ. ಉಪ್ಪು ಖಾರ ಹಚ್ಚುವುದೇ ಅನುವಾದ ಅಂದುಕೊಂಡಿದ್ದೆ. ಸಭೆ ತಣ್ಣಗಾದರೆ ತಡೆದುಕೊಳ್ಳಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಇಂಥವನ ಬಾಯಿಗೆ ಬಿದ್ದರು ರಬ್ಬಿ ಎಲಿಯಾಬ್.

ರಬ್ಬಿ ಅಂದರೆ ಯೆಹೂದ್ಯರ ಧರ್ಮಗುರು, ಶಾಸ್ತ್ರ ಓದಿ ಹೇಳುವವರು. ನಾನು ಬಿಳಿಯರು ಯಾರೋ ಬರುತ್ತಾರೆ ಅಂತ ಕಾಯುತ್ತಿದ್ದರೆ, ಬಸ್ಸಿನಿಂದ ಇಳಿದವರು ಬಿಳೀ ಷರಟು, ಕಪ್ಪು ಟೋಪಿ, ಬಗಲಲ್ಲಿ ಬಟ್ಟೆಯ ಚೀಲ — ಥೇಟ್ ನಮ್ಮ ಕಡೆಯ ಹಳೇ ಶಾನುಭೋಗರು! ಕೊಂಕಣದ ಕಡೆ ನೂರಾರು ವರ್ಷದಿಂದ ನೆಲೆಸಿದ ಯೆಹೂದ್ಯರ ಮನೆತನ, ಮನೆಮಾತು ಮರಾಠಿ. ವಾಸ ಮುಂಬೈ ಹತ್ತಿರ. ಮಳವಳ್ಳಿ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯ ಪಾಸ್ಟರು ಬೆಂಗಳೂರಿನಲ್ಲಿ ಅವರ ಉಪನ್ಯಾಸ ಕೇಳಿ, ನಮ್ಮ ಜನಕ್ಕೂ ಹೇಳಿ ಅಂತ ಕರೆದಿದ್ದರು. ಅನುವಾದಕ್ಕೆ ನಾನು. ಸಭೆಗೆ ಎರಡು ದಿನ ಮುಂಚೆಯೇ ಬಂದು ನಮ್ಮ ಮನೆಯಲ್ಲಿ ಉಳಿದರು.

ತಟ್ಟೆ, ಲೋಟ, ಸಣ್ಣ ಪಾತ್ರೆ ಎಲ್ಲ ಅವರದೇ. ನಮ್ಮ ಮನೆ ಅಡಿಗೆ ಮುಟ್ಟಲಿಲ್ಲ. ಅವರ ಶಾಸ್ತ್ರದಲ್ಲಿ ಊಟಕ್ಕೆ ಬಹಳ ಕಟ್ಟುಪಾಡು. ತಾವೇ ಅನ್ನ ಬೇಯಿಸಿಕೊಂಡರು, ಬಾಳೆಹಣ್ಣು ತಿಂದರು, ಎಳನೀರು ಕುಡಿದರು. ನನ್ನ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತು ನೋಡಿ, “ನಮ್ಮಜ್ಜಿ ಮಡೀಲಿ ಮಾಡ್ತಿತ್ತಲ್ಲ, ಅಂಗೇ ಕಣ್ರೀ ಇವ್ರು” ಅಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ನಿಂತು ಅವಳಿಗೆ ಕೈ ಮುಗಿದರು.

ಅವರ ಕೆಲಸ ಏನು ಅನ್ನುವುದನ್ನು ಆ ಎರಡು ದಿನದಲ್ಲಿ ನಮ್ಮ ಜಗಲಿಯ ಮೇಲೆ ಕೂತು ವಿವರಿಸಿದರು. ಕ್ರೈಸ್ತರ ಒಂದು ಸುವಾರ್ತೆಯನ್ನು ಮುಂದಿಟ್ಟುಕೊಂಡು, ಯೇಸುವಿನ ಒಂದೊಂದು ಮಾತಿನ ಪಕ್ಕದಲ್ಲೂ ಯೆಹೂದ್ಯರ ಹಿರಿಯರು ಹೇಳಿದ ಮಾತನ್ನು ಇಡುತ್ತಾ ಹೋಗಿದ್ದರು. ಪ್ರಾರ್ಥನೆಗೆ ಪ್ರಾರ್ಥನೆ, ದೃಷ್ಟಾಂತಕ್ಕೆ ದೃಷ್ಟಾಂತ. ನಲವತ್ತು ವರ್ಷದ ಕೆಲಸ, ನಾಲ್ಕು ದಪ್ಪ ಕಡತ. “ಕ್ರೈಸ್ತರಿಗೆ ಹೇಳುವುದು ಇಷ್ಟೇ,” ಅಂದರು. “ನಿಮ್ಮ ಪುಸ್ತಕದಲ್ಲಿ ಮಾತಾಡುವವರೆಲ್ಲ ನಮ್ಮವರು. ಅವರ ಮಾತನ್ನು ಹಿಡಿದು ನಮ್ಮನ್ನು ದ್ವೇಷಿಸಬೇಡಿ. ನಮ್ಮವರಿಗೆ ಹೇಳುವುದೂ ಇಷ್ಟೇ. ಅದು ಶತ್ರುವಿನ ಪುಸ್ತಕವಲ್ಲ, ತೆರೆದು ನೋಡಿ.”

“ಇಬ್ಬರೂ ಒಪ್ಪಿದರಾ ಸರ್?” ಅಂದೆ.

“ಇಬ್ಬರೂ ಬೈದರು,” ಅಂದು ನಕ್ಕರು. ಕ್ರೈಸ್ತರು, ಇಷ್ಟೆಲ್ಲ ಓದಿದ ಮೇಲೂ ನೀವು ಯೇಸುವನ್ನು ಯಾಕೆ ಒಪ್ಪುವುದಿಲ್ಲ ಅಂತ ಕೇಳುತ್ತಿದ್ದರಂತೆ. ಯೆಹೂದ್ಯರು, ಒಪ್ಪದಿದ್ದ ಮೇಲೆ ಇಷ್ಟು ಯಾಕೆ ಓದುತ್ತೀರಿ ಅಂತ ಕೇಳುತ್ತಿದ್ದರಂತೆ. ಎಲ್ಲಿ ಹೋದರೂ ಇದೇ. ಆದರೂ ಬಿಟ್ಟಿರಲಿಲ್ಲ. ಎಪ್ಪತ್ತೇಳನೇ ವಯಸ್ಸಿನಲ್ಲಿ, ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು, ಬಸ್ಸು ಹಿಡಿದು ಮದ್ದೂರಿಗೆ ಬಂದಿದ್ದರು.

ಸಭೆಯ ದಿನ ಕೆ.ಎಂ. ದೊಡ್ಡಿ ದಾಟಿ ಹೋಗುವಾಗ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ತಡವಾಯಿತು. ಮಂದಿರದಲ್ಲಿ ಜನ ಕಿಕ್ಕಿರಿದಿದ್ದರು. ಮೊದಲ ಮುಕ್ಕಾಲು ಗಂಟೆ ಚೆನ್ನಾಗಿ ನಡೆಯಿತು. ಅವರು ಮೈಕಿನಲ್ಲಿ ಹೇಳಿದರು, ನಾನು ಮೈಕಿನಲ್ಲಿ ಹೇಳಿದೆ. ಅಲ್ಲಲ್ಲಿ ಒಂದಿಷ್ಟು ಒಗ್ಗರಣೆ ಹಾಕಿದೆ, ನಿಜ, ಅರ್ಥ ಕೆಡಿಸಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಪಾಸ್ಟರು ಜನರೇಟರು ನೋಡಲು ಆಚೆ ಓಡಿದರು.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಶಾಂತಮ್ಮ ಎದ್ದು ನಿಂತರು. ಆ ಸಭೆಯಲ್ಲಿ ಎಲ್ಲರಿಗಿಂತ ಹಳಬರು; ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವರು, ಯಾರಿಗೂ ಸೊಪ್ಪು ಹಾಕದವರು. “ಮೇಷ್ಟ್ರೇ,” ಅಂದರು, “ಇಷ್ಟೊತ್ತು ಕೇಳ್ದೊ. ಆವಯ್ಯ ನಮ್ ಯೇಸಪ್ಪನ್ನ ಒಪ್ಕಂಡವ್ರಾ ಇಲ್ವಾ? ಅದೊಂದ್ ಏಳ್ಸಿ.”

ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ. ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಹೇಳಿದ್ದು ಇದು. ಇವತ್ತು ಒಂದು ಕಾಳು ಉಪ್ಪನ್ನೂ ಸೇರಿಸದೆ ಬರೆಯುತ್ತಿದ್ದೇನೆ:

“ಇಲ್ಲ ತಾಯಿ. ಅವರು ನನ್ನ ಜನರಲ್ಲಿ ಹುಟ್ಟಿದವರು, ನನ್ನ ಶಾಸ್ತ್ರವನ್ನೇ ಓದಿದವರು. ಅವರನ್ನು ನಾನು ಗೌರವಿಸುತ್ತೇನೆ, ಪೂಜಿಸುವುದಿಲ್ಲ. ನಾನು ಯೆಹೂದ್ಯನಾಗಿ ಹುಟ್ಟಿದೆ, ಯೆಹೂದ್ಯನಾಗಿಯೇ ಸಾಯುತ್ತೇನೆ. ಆದರೆ ನಿಮ್ಮ ಪುಸ್ತಕವನ್ನು ನಲವತ್ತು ವರ್ಷ ಓದಿದ್ದೇನೆ; ನಿಮ್ಮನ್ನು ದ್ವೇಷಿಸಲು ಅದರಲ್ಲಿ ನನಗೆ ಒಂದು ಕಾರಣವೂ ಸಿಗಲಿಲ್ಲ. ನೀವು ನನ್ನ ಪುಸ್ತಕ ಓದಿದರೆ ನಿಮಗೂ ಸಿಗುವುದಿಲ್ಲ. ಒಪ್ಪದೆಯೂ ಒಂದು ಜಗಲಿಯಲ್ಲಿ ಕೂರಬಹುದು ಅಂತ ಹೇಳಲು ನಾನು ಇಷ್ಟು ದೂರ ಬಂದೆ.”

ನಾನು ಜನರ ಕಡೆ ನೋಡಿದೆ. ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದರು. ಶಾಂತಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಇಲ್ಲ ಅಂದರೆ ಏನಾಗುತ್ತದೆ ಅಂತ ನನಗೆ ಕಂಡುಬಿಟ್ಟಿತು — ಮುಖಗಳು ಇಳಿಯುತ್ತವೆ, ಗುಸುಗುಸು ಶುರುವಾಗುತ್ತದೆ, ಯಾರೋ ಎದ್ದು ಹೋಗುತ್ತಾರೆ, ಸಭೆ ಕೈ ಬಿಟ್ಟು ಹೋಗುತ್ತದೆ. ನನ್ನ ಸಭೆ. ಹಾಗೆಯೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ —

“ಒಪ್ಕಂಡವ್ರಂತೆ ಕಣಮ್ಮ!” ಅಂದೆ.

ಅಷ್ಟೇ. ಅಷ್ಟು ದೊಡ್ಡ ಉತ್ತರಕ್ಕೆ ಇದೇ ನನ್ನ ಕನ್ನಡ.

ಯಾಕೆ ಹೇಳಿದೆ ಅಂತ ಏಳು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಕಾರಣ ನನಗೆ ಗೊತ್ತು. ಅದನ್ನು ಸಬೂಬು ಅಂತ ತೆಗೆದುಕೊಳ್ಳಬೇಡಿ. ನಾವು ಎಲ್ಲ ದೇವರಿಗೂ ಕೈ ಮುಗಿಯುವ ಜನ. ನಮ್ಮ ಮನೆಯಲ್ಲಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೋಗುತ್ತದೆ, ಮೊಹರಂನಲ್ಲಿ ಬಾಬಯ್ಯನಿಗೆ ಸಕ್ಕರೆ ಓದಿಸುತ್ತೇವೆ, ಮಗು ಹುಷಾರು ತಪ್ಪಿದಾಗ ಜಯಮ್ಮ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ ಬಂದಿದ್ದಾಳೆ. ಒಪ್ಪಿದೆ ಅನ್ನುವುದು ನನಗೆ ಒಂದು ಮಾತೇ ಆಗಿರಲಿಲ್ಲ. ಇನ್ನೊಂದು ದೇವರಿಗೆ ಹೂಂ ಅಂದರೆ ಯಾರ ಗಂಟು ಹೋಗುತ್ತದೆ? ಆದರೆ ‘ಇಲ್ಲ’ ಅನ್ನುವ ಆ ಒಂದು ಮಾತಿಗಾಗಿ ರಬ್ಬಿಯ ಹಿರಿಯರು ಊರು ಬಿಟ್ಟಿದ್ದರು, ಕೆಲವರು ಪ್ರಾಣವನ್ನೂ ಬಿಟ್ಟಿದ್ದರು. ಇದನ್ನು ಅವರು ನನ್ನದೇ ಜಗಲಿಯ ಮೇಲೆ ಕೂತು ಹೇಳಿದ್ದರು. ಕೇಳಿಸಿಕೊಂಡಿದ್ದೆ. ಆದರೂ ಹೇಳಿದೆ.

ಚಪ್ಪಾಳೆ ಅಂದರೆ ಅದೇನು ಚಪ್ಪಾಳೆ! ಹೆಂಗಸರು ಅಳುತ್ತಿದ್ದರು. ಯಾರೋ ಹಾರ ತಂದು ಅವರ ಕೊರಳಿಗೆ ಹಾಕಿದರು. ಶಾಂತಮ್ಮ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕರೆಂಟು ಬಂದು ಪಾಸ್ಟರು ಒಳಗೆ ಬರುವ ಹೊತ್ತಿಗೆ ಎಲ್ಲರೂ ನಿಂತು ಹಾಡುತ್ತಿದ್ದರು. ರಬ್ಬಿ ನಡುವೆ ಕೈ ಮುಗಿದು ನಿಂತಿದ್ದರು, ಕಣ್ಣು ತುಂಬಿತ್ತು. ಎಷ್ಟೋ ಜನ ಅದನ್ನು ಫೋನಿನಲ್ಲಿ ಹಿಡಿದರು.

ವಾಪಸು ಬರುವಾಗ ಕಾರಿನಲ್ಲಿ ರಬ್ಬಿ ಕೊರಳಿನ ಹಾರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮದ್ದೂರು ಹತ್ತಿರ ಬಂದ ಮೇಲೆ ನನ್ನ ಮೊಣಕೈ ಹಿಡಿದರು. “ಪುಟ್ಟಸ್ವಾಮಿ, ಈ ಉತ್ತರವನ್ನು ಎಷ್ಟು ಕಡೆ ಕೊಟ್ಟಿದ್ದೇನೆ ಗೊತ್ತಾ? ಎಲ್ಲ ಕಡೆ ಜನ ತಲೆ ತಗ್ಗಿಸಿದ್ದಾರೆ, ಇಲ್ಲವೇ ಎದ್ದು ಹೋಗಿದ್ದಾರೆ. ನಾನು ನಿಮ್ಮವನಲ್ಲ ಅಂದಿದ್ದಕ್ಕೆ ಅಪ್ಪಿಕೊಂಡವರನ್ನು ಇವತ್ತೇ ನೋಡಿದ್ದು.”

ಆಗಲೇ ಹೇಳಬೇಕಿತ್ತು. ಕಾರು ನಿಲ್ಲಿಸಿ, ಸರ್, ನಾನು ಹಾಳು ಮಾಡಿದೆ, ವಾಪಸು ಹೋಗೋಣ ಅನ್ನಬೇಕಿತ್ತು. ಅರ್ಧ ಗಂಟೆಯ ದಾರಿ. ಜನ ಇನ್ನೂ ಊಟಕ್ಕೆ ಕೂತಿರುತ್ತಿದ್ದರು. ನಾನು ಏನಂದೆ ಗೊತ್ತೆ? “ನಮ್ಮ ಜನ ಒಳ್ಳೆಯವರು ಸರ್” ಅಂದೆ.

ಅವರು ಊರು ಸೇರಿದ ತಿಂಗಳೊಳಗೆ ಆ ವಿಡಿಯೊ ಅವರಿಗಿಂತ ಜೋರಾಗಿ ಓಡಾಡಿತು. ಯೇಸುವನ್ನು ಒಪ್ಪಿದ ಯೆಹೂದಿ ಗುರು ಅಂತ ಯಾರೋ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ತಲೆಬರಹ ಹಾಕಿ ಕಳಿಸಿದ್ದರು. ಅದು ಅವರ ಪ್ರಾರ್ಥನಾ ಮಂದಿರದ ಹಿರಿಯರ ಕೈ ಸೇರಿತು. ಅವರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಇರಲೇಬೇಕು, ಒಂಬತ್ತಾದರೆ ಕಾಯುತ್ತಾರೆ. ತಮ್ಮ ಧರ್ಮ ಬಿಟ್ಟವನನ್ನು ಆ ಹತ್ತರಲ್ಲಿ ಸೇರಿಸುವುದು ಬೇಡ ಅಂತ ಹಿರಿಯರು ತೀರ್ಮಾನ ಮಾಡಿದರು. ಇಲ್ಲಪ್ಪ, ನಾನು ಇಲ್ಲ ಅಂತಲೇ ಹೇಳಿದ್ದು ಅಂತ ಇವರು ಎಷ್ಟು ಹೇಳಿದರೂ, ವಿಡಿಯೊದಲ್ಲಿ ಅವರ ಧ್ವನಿಯೇ ಇಲ್ಲ, ಇರುವುದು ಅಲ್ಲಿ ಯಾರಿಗೂ ತಿಳಿಯದ ನನ್ನ ಕನ್ನಡ. ಹಾರ ಇದೆ, ಮುಗಿದ ಕೈ ಇದೆ, ನೀರು ತುಂಬಿದ ಕಣ್ಣಿದೆ.

ನನಗೆ ಫೋನ್ ಮಾಡಿದರು. ನನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ! ತಲೆಬರಹ ಹಾಕಿದವರು ತಪ್ಪು ಮಾಡಿದ್ದಾರೆ ಅಂದುಕೊಂಡಿದ್ದರು. “ನಾನು ಏನು ಹೇಳಿದೆ, ನೀವು ಏನು ಹೇಳಿದಿರಿ, ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿ. ಪಕ್ಕದಲ್ಲಿ ನಿಂತಿದ್ದವರ ಮಾತನ್ನು ಅವರು ನಂಬುತ್ತಾರೆ” ಅಂದರು.

“ಖಂಡಿತ ಸರ್” ಅಂದೆ. ಬರೆದೆ, ಹರಿದೆ. ಮತ್ತೆ ಬರೆದೆ. ಅವರು ಹೇಳಿದ್ದನ್ನು ಬರೆಯಬಹುದಿತ್ತು; ನಾನು ಹೇಳಿದ್ದನ್ನು ಬರೆಯಬೇಕಲ್ಲ! ಪುಟ್ಟಸ್ವಾಮಿ ಮೇಷ್ಟ್ರು ಸುಳ್ಳು ಅನುವಾದ ಮಾಡಿದರು ಅಂತ ಮದ್ದೂರಿನಿಂದ ಮಂಡ್ಯದವರೆಗೆ ಗೊತ್ತಾಗುತ್ತದೆ. ಮೂರನೇ ಸಲ ಫೋನ್ ಮಾಡಿದಾಗ ನಾನು ಹೇಳಿದ್ದು ಮೊದಲ ಸುಳ್ಳಿಗಿಂತ ಕೀಳು. “ಸರ್, ಆ ಮಾತು ಅಕ್ಷರಕ್ಕಕ್ಷರ ಈಗ ನೆನಪಿಲ್ಲ” ಅಂದೆ.

“ಇರಲಿ ಬಿಡಿ. ಎಲ್ಲವೂ ಎಲ್ಲರಿಗೂ ನೆನಪಿರುವುದಿಲ್ಲ” ಅಂದರು. ಆ ಧ್ವನಿಯಲ್ಲಿ ಕೋಪವಿರಲಿಲ್ಲ. ಜಯಮ್ಮನ ಆರೋಗ್ಯ ವಿಚಾರಿಸಿ ಫೋನ್ ಇಟ್ಟರು.

ಇದಾದ ಮೇಲೆ ಅವರ ಪುಸ್ತಕವನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ ಅಂತ ನಾನೇ ಮುಂದೆ ಬಿದ್ದೆ. ನಾಲ್ಕು ಕಡತ, ಆರು ವರ್ಷ. ಒಂದು ಪದ ಸಿಗದಿದ್ದರೆ ಎರಡು ದಿನ ಹುಡುಕಿದ್ದೇನೆ. ನನ್ನ ಜೀವಮಾನದಲ್ಲಿ ಅಷ್ಟು ನಿಯತ್ತಿನಿಂದ ಯಾವ ಕೆಲಸವನ್ನೂ ಮಾಡಿಲ್ಲ. ಇದರಲ್ಲೇ ಸಾಲ ತೀರಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ — ಎಂಥ ಭಂಡತನ ನೋಡಿ. ಪುಸ್ತಕದಲ್ಲಿ ಅವರ ಒಂದು ಅಕ್ಷರ ಕೆಡದ ಹಾಗೆ ನೋಡಿಕೊಂಡವನು, ಅವರ ಹೆಸರನ್ನು ಕೆಡಿಸಿ ಸುಮ್ಮನಿದ್ದೆ.

ಎರಡು ತಿಂಗಳ ಹಿಂದೆ ಅಚ್ಚಿಗೆ ಕೊಡುವ ಮುಂಚೆ ಅವರಿಂದ ಕೊನೆಯ ಹಾಳೆ ಬಂತು. ಪುಸ್ತಕದ ಅರ್ಪಣೆ. ನಾಲ್ಕು ಸಾಲು ಇಂಗ್ಲಿಷ್, ನಡುಗುವ ಕೈಬರಹ. ಕನ್ನಡದಲ್ಲಿ ಹೇಳುವುದಾದರೆ: ‘ಮಳವಳ್ಳಿಯ ಬಳಿಯ ಆ ಜನರಿಗೆ. ನಿಮ್ಮ ನಂಬಿಕೆ ನನ್ನದಲ್ಲ ಅಂತ ನಾನು ಹೇಳಿದಾಗ ಅವರು ಚಪ್ಪಾಳೆ ತಟ್ಟಿದರು.’

ಓದಿದೆ. ಮತ್ತೆ ಓದಿದೆ. ಪೆನ್ನು ಹಿಡಿದು ಕೂತರೆ ಕೈ ಏಳಲೇ ಇಲ್ಲ. ಅಡಿಗೆಮನೆಗೆ ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಜಯಮ್ಮನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವಳಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ. ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಆ ದ್ಯಾವ್ರಂತ ಮನುಷ್ಯಂಗೆ ಇಂಗ್ ಮಾಡಿ, ಏಳು ವರ್ಸ ನನ್ ಕೈಲಿ ಅನ್ನ ಇಕ್ಕುಸ್ಕಂಡ್ ಉಂಡ್ರಲ್ಲ ನೀವು! ಆಗ್ಲೇ ಏಳಾಕ್ ಏನಾಗಿತ್ತು ನಿಮ್ಗೆ?”

“ಈಗ ಹೇಳಿದರೆ ಆ ಮುದುಕರಿಗೆ ಇದ್ದ ಒಂದೇ ಒಂದು ಸಂತೋಷವೂ ಹೋಗುತ್ತೆ ಕಣೇ,” ಅಂದೆ. ಇದು ಸುಳ್ಳಲ್ಲ, ನಿಜವಾಗಿಯೂ ಅದೇ ನನ್ನನ್ನು ಹಿಂಡುತ್ತಿತ್ತು. ಹೇಳಿದರೆ ಅವರ ಜನ ಅವರನ್ನು ಹತ್ತರಲ್ಲಿ ಒಬ್ಬರನ್ನಾಗಿ ಸೇರಿಸಬಹುದು. ಆದರೆ ಮಳವಳ್ಳಿ ಅವರ ಪಾಲಿಗೆ ಇಲ್ಲವಾಗುತ್ತದೆ.

“ಅದು ಅವ್ರ್ ನೋಡ್ಕತಾರೆ. ನಿಮ್ದ್ ನೀವ್ ಏಳಿ,” ಅಂದಳು ಜಯಮ್ಮ. ಫೋನ್ ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಹೇಳಿದೆ. ಇಂಗ್ಲಿಷಿನಲ್ಲಿ, ಒಂದೇ ಉಸಿರಿನಲ್ಲಿ. ಶಾಂತಮ್ಮನ ಪ್ರಶ್ನೆ, ಅವರ ಉತ್ತರ, ನನ್ನ ಉತ್ತರ, ಮರೆವಿನ ಸುಳ್ಳು, ಎಲ್ಲ. “ನನಗೆ ಒಂದೇ ಒಂದು ಊರಿತ್ತು, ಪುಟ್ಟಸ್ವಾಮಿ” ಅಂದರು. ಫೋನ್ ಇಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರನೇ ದಿನ ಅವರ ಮಗಳು ಮಾತಾಡಿದರು. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು, ಮಾತು ಕಟ್ಟುನಿಟ್ಟು. “ನಮ್ಮ ತಂದೆ ದಿನಾ ಬೆಳಿಗ್ಗೆ ಈಗಲೂ ಪ್ರಾರ್ಥನೆಗೆ ಹೋಗುತ್ತಾರೆ. ಒಂಬತ್ತು ಜನ ಬಂದಿರುತ್ತಾರೆ, ಇವರು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ, ಹಿರಿಯರು ಹತ್ತನೆಯವರಿಗಾಗಿ ಯಾರಿಗೋ ಫೋನ್ ಮಾಡುತ್ತಾರೆ. ಏಳು ವರ್ಷದಿಂದ ಇದನ್ನು ನೋಡಿದ್ದೇನೆ. ಬೇರೆ ಕನ್ನಡದವರಿಗೆ ಆ ವಿಡಿಯೊ ತೋರಿಸೋಣ ಅಂತ ಎಷ್ಟು ಸಲ ಹೇಳಿದೆ. ನನ್ನ ಅನುವಾದಕನನ್ನು ಅನುಮಾನಿಸುವುದಿಲ್ಲ ಅಂದುಬಿಟ್ಟರು.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ತಡೆದರು. “ಅದು ಈಗ ಬೇಡವಂತೆ. ಎಲ್ಲಿ ಹೇಳಿದಿರೋ ಅಲ್ಲಿ, ಯಾರಿಗೆ ಹೇಳಿದಿರೋ ಅವರಿಗೆ, ಯಾವ ಭಾಷೆಯಲ್ಲಿ ಹೇಳಿದಿರೋ ಆ ಭಾಷೆಯಲ್ಲಿ ಮೊದಲು ಸರಿಪಡಿಸಬೇಕಂತೆ. ಆಮೇಲೆ ಕೇಳಬೇಕಂತೆ. ನಮ್ಮಲ್ಲಿ ಕ್ರಮ ಹಾಗೆ.”

ಧೈರ್ಯ ಮಾಡಲು ನನಗೆ ಆರು ವಾರ ಬೇಕಾಯಿತು. ಕಳೆದ ಭಾನುವಾರ ಹೋದೆ. ಪಾಸ್ಟರಿಗೆ ಮೊದಲೇ ವಿಷಯ ತಿಳಿಸಿದ್ದೆ. ಒಳ್ಳೆಯ ಮನುಷ್ಯ, ಮುಖ ಕೆಂಪಾಗಿ ಎರಡು ದಿನ ಮಾತಾಡಿರಲಿಲ್ಲ. ಈ ಏಳು ವರ್ಷದಲ್ಲಿ ಎಷ್ಟು ಊರುಗಳಲ್ಲಿ ಆ ಕತೆಯನ್ನು ಸಾಕ್ಷಿಯಾಗಿ ಹೇಳಿದ್ದರೋ ಪಾಪ. ಆದರೂ ಆರಾಧನೆ ಮುಗಿದ ಮೇಲೆ ನನ್ನನ್ನು ಮುಂದಕ್ಕೆ ಕರೆದರು. ಮೈಕು ಕೊಟ್ಟರು. ಹಾಸ್ಯ ಮಾಡಲಿಲ್ಲ, ಪೀಠಿಕೆ ಹಾಕಲಿಲ್ಲ. ಅವರ ಉತ್ತರವನ್ನು, ಮೇಲೆ ಬರೆದಿದ್ದೇನಲ್ಲ, ಅದನ್ನೇ ಓದಿದೆ. ಆಮೇಲೆ, ಅವತ್ತು ನಾನು ಹೇಳಿದ್ದು ಸುಳ್ಳು ಅಂದೆ.

ಹಿಂದಿನಿಂದ ಒಬ್ಬ ಎದ್ದು, “ಯಾಕ್ಲಾ ಮೇಷ್ಟ್ರೆ, ನಾವೇನ್ ಕುರಿ ಅಂದ್ಕಂಡಿದ್ದಾ?” ಅಂತ ಕೂಗಿ ಹೊರಗೆ ಹೋದ. ಅವನ ಹಿಂದೆ ಇನ್ನೊಂದು ಆರೇಳು ಜನ ಹೋದರು. ಬೈಸಿಕೊಳ್ಳಬೇಕಾದ್ದೇ. ತಲೆ ತಗ್ಗಿಸಲಿಲ್ಲ, ಎಲ್ಲರ ಮುಖ ನೋಡುತ್ತಾ ನಿಂತೆ.

ಶಾಂತಮ್ಮನಿಗೆ ಈಗ ನಿಲ್ಲಲು ಆಗುವುದಿಲ್ಲ. ಕೂತಲ್ಲಿಂದಲೇ ಕೈ ಎತ್ತಿದರು.

“ಅಂಗಾರೆ, ಒಪ್ಪಿಲ್ಲ ಅಂತ್ಲೇ ಏಳುದ್ರಾ ಆವಯ್ಯ?”

“ಹೂಂ ಕಣಮ್ಮ.”

“ಒಪ್ದಿದ್ರೂ ನಮ್ಮತ್ರ ಬಂದು, ಕೈ ಇಡುಸ್ಕಂಡು, ಕಣ್ಣೀರ್ ಆಕುದ್ರಾ?”

“ಹೂಂ.”

ಅವರು ಎತ್ತಿದ ಕೈ ಇಳಿಸಿದರು. “ನಾನ್ ಕೇಳಿದ್ ಮಾತ್ಗೆ ಉತ್ರ ಕೊಟ್ಟವ್ರೆ ಆವಯ್ಯ. ಏಳು ವರ್ಸ ನಂಗೆ ಅದು ಬಂದು ಮುಟ್ನಿಲ್ಲ. ನಂಗೆ ಬರ್ಬೇಕಾದ್ದ ನೀನ್ಯಾಕ್ ಮಡಿಕಂಡಿದ್ದೆ?” ಅಂದರು. ಆಮೇಲೆ ಪಾಸ್ಟರ ಕಡೆ ತಿರುಗಿದರು: “ಕರುಸ್ರಪ್ಪ ಇನ್ನೊಂದ್ ಸಲ. ಇಲ್ಲ ಅನ್ನೋದ್ನ ಅವ್ರ್ ಬಾಯಿಂದ್ಲೇ ಕೇಳ್ಬೇಕು ನಾನು. ಒಪ್ತೀನೋ ಬೈತೀನೋ, ಅದು ಆಮೇಲಿನ್ ಮಾತು.” ಕೊನೆಗೆ ನನಗೆ ಬೆರಳು ತೋರಿಸಿ ಅಂದರು: “ನೀನ್ ಮಾತ್ರ ಬಾಯ್ ಬುಡಬ್ಯಾಡ.”

ಅವತ್ತೇ ಸಂಜೆ ರಬ್ಬಿಯ ಪ್ರಾರ್ಥನಾ ಮಂದಿರದ ಹಿರಿಯರಿಗೆ ಪತ್ರ ಕಳಿಸಿದೆ. ಎರಡು ಸಾಲಲ್ಲ, ನಾಲ್ಕು ಪುಟ, ಪ್ರತಿ ಪುಟಕ್ಕೂ ಸಹಿ. ನಾನು ಮಂದಿರದಲ್ಲಿ ನಿಂತು ಹೇಳಿದ್ದನ್ನು ಪಾಸ್ಟರು ವಿಡಿಯೊ ಮಾಡಿಸಿದ್ದರು, ಅದನ್ನೂ ಕಳಿಸಿದೆ. ಸೇರಿ ಮಾತಾಡುತ್ತೇವೆ ಅಂತ ಉತ್ತರ ಬಂದಿದೆ. ಅವರು ಏನು ತೀರ್ಮಾನ ಮಾಡುತ್ತಾರೋ ನನಗೆ ಗೊತ್ತಿಲ್ಲ. ತಡಮಾಡಿದರೆ ಮುಂಬೈಗೆ ಹೋಗಿ ಅವರ ಬಾಗಿಲಲ್ಲಿ ಕೂರುತ್ತೇನೆ. ಬೆಳಗಿನ ಎಣಿಕೆಯನ್ನು ಅವರು ಒಂಬತ್ತಕ್ಕೆ ನಿಲ್ಲಿಸದೆ, ರಬ್ಬಿಯನ್ನೂ ಸೇರಿಸಿ ಹತ್ತು ಅನ್ನುವವರೆಗೆ ನಾನು ಬಿಡುವವನಲ್ಲ.

ಶಾಂತಮ್ಮ ಹೇಳಿದ್ದನ್ನು ಮಗಳ ಮೂಲಕ ತಿಳಿಸಿದೆ, ನನಗೆ ಬಿದ್ದ ಬೈಗುಳವನ್ನೂ ಬಿಡದೆ. ಮರುದಿನ ರಬ್ಬಿಯೇ ಫೋನ್ ಮಾಡಿದರು. ಏಳು ವಾರದ ಮೇಲೆ ಮೊದಲ ಸಲ. ಧ್ವನಿ ಇಳಿದಿತ್ತು, ಆದರೆ ಮಾತು ಗಟ್ಟಿಯಾಗಿತ್ತು. “ಹಾಗಾದರೆ ನಾನು ಮಳವಳ್ಳಿಯಲ್ಲಿ ಇನ್ನೂ ಮಾತಾಡಿಯೇ ಇಲ್ಲ” ಅಂದರು. “ಎಂಬತ್ತನಾಲ್ಕು ನನಗೆ. ಬೇಗ ದಿನ ಗೊತ್ತು ಮಾಡಲು ಹೇಳಿ. ಅರ್ಪಣೆಯ ಪುಟ ಖಾಲಿ ಬಿಡಿ, ಅಲ್ಲಿಗೆ ಬಂದು ಹೋದ ಮೇಲೆ ಏನು ಬರೆಯಬೇಕೋ ನೋಡೋಣ.” ಕ್ಷಮೆಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅನುವಾದಕ್ಕೆ ಪಾಸ್ಟರ ಮಗಳು ಬರುತ್ತಾಳೆ. ಇಂಗ್ಲಿಷಿನಲ್ಲಿ ನನಗಿಂತ ಸಾಧಾರಣ, ಕೇಳಿದ್ದನ್ನು ಕೇಳಿದಷ್ಟೇ ಹೇಳುತ್ತಾಳೆ. ಮಂಡ್ಯ ಸ್ಟೇಷನ್ನಿನಲ್ಲಿ ಅವರನ್ನು ಇಳಿಸಿಕೊಂಡು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮಂದಿರದಲ್ಲಿ ಕೊನೇ ಸಾಲಿನಲ್ಲಿ ಕೂರುತ್ತೇನೆ. ಶಾಂತಮ್ಮ ಪ್ರಶ್ನೆ ಕೇಳುತ್ತಾರೆ, ಅವರು ಇಲ್ಲ ಅನ್ನುತ್ತಾರೆ, ಜನ ಅದನ್ನು ಕೇಳುತ್ತಾರೆ. ಎದ್ದು ಹೋಗುವವರು ಹೋಗಲಿ, ಕೂರುವವರು ಕೂರಲಿ. ನಾನು ಬಾಯಿ ಬಿಡುವುದಿಲ್ಲ.